ನಾಲ್ಕನೆಯ ಫಾರಂ

ಅವಳಿಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಡವರ ಮನೆಯ ಹುಡುಗಿ ಎಂದ ಕೂಡಲೇ ಒಳ್ಳೆಯ ಮನಸ್ಸು, ಸಹನೆ, ತಗ್ಗಿದ ತಲೆ ಎಂದು ಬರೆಯುವವರಿದ್ದಾರೆ. ಅವರ ಕಥೆ ಅವರು ಬರೆದುಕೊಳ್ಳಲಿ. ಈ ಹುಡುಗಿಗೆ ಹೊಟ್ಟೆಕಿಚ್ಚು ಇತ್ತು. ಹೊಟ್ಟೆಗೆ ಬೇರೇನೂ ಬೀಳದ ದಿನವೂ ಅದೊಂದು ತುಂಬಿಕೊಂಡಿರುತ್ತಿತ್ತು.

ಶಾಲೆಯಲ್ಲಿ ಅವಳನ್ನು ಅಂಟು ಎಂದು ಕರೆಯುತ್ತಿದ್ದರು. ಅವಳ ತಾಯಿ ಪುಸ್ತಕ ಬೈಂಡ್ ಮಾಡುವವಳು. ಪ್ರೆಸ್ಸಿನ ಹಿಂದಿನ ಒಂದೇ ಕೋಣೆಯಲ್ಲಿ ಇಬ್ಬರ ಸಂಸಾರ, ಅಲ್ಲೇ ಕೆಲಸ. ಬೆಳಿಗ್ಗೆ ಮೈದಾ ಹಿಟ್ಟಿಗೆ, ಹುಳು ಹಿಡಿಯದಿರಲೆಂದು ಮೈಲುತುತ್ತದ ಪುಡಿ ಹಾಕಿ ಅಂಟು ಕುದಿಸಬೇಕು, ಆಮೇಲೆ ಅದೇ ಒಲೆಯ ಮೇಲೆ ಅಡುಗೆ. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಹುಡುಗಿಯ ಉಗುರಿನ ಸಂದಿಯಲ್ಲಿ ಹುಳಿ ವಾಸನೆ ಉಳಿದೇಬಿಡುತ್ತಿತ್ತು. ಪಕ್ಕದಲ್ಲಿ ಕೂತವರು ಮೂಗು ಮುರಿಯುತ್ತಿದ್ದರು. ಅವರು ಓದುತ್ತಿದ್ದ ಪುಸ್ತಕಗಳನ್ನು ಹೊಲಿದದ್ದೂ ಅವೇ ಕೈಗಳು ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಪ್ರೆಸ್ಸಿನಿಂದ ದೊಡ್ಡ ಹಾಳೆಗಳು ಬರುತ್ತವೆ. ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ. ಅದೊಂದು ಫಾರಂ. ಮಡಿಸುವಾಗ ಹೆಬ್ಬೆರಳಿನ ಉಗುರಿನಿಂದ ಗೆರೆ ತೀಡಬೇಕು. ದಿನಕ್ಕೆ ಸಾವಿರ ಸಲ ತೀಡಿದರೆ ಉಗುರು ಸವೆದು ಚರ್ಮ ಸೀಳುತ್ತದೆ. ಫಾರಂಗಳನ್ನು ರಾಶಿ ರಾಶಿಯಾಗಿ ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದು ರಾಶಿಯಿಂದ ಒಂದೊಂದು ಎತ್ತಿ ಜೋಡಿಸಿ, ಬೆನ್ನಿಗೆ ದಬ್ಬಳ ಹಾಕಿ ತೂತು ಮಾಡಿ, ದಾರದಿಂದ ಹೊಲಿದು, ರಟ್ಟು ಅಂಟಿಸಬೇಕು. ತಾಯಿಗೆ ಓದು ಬಾರದು. ರಾಶಿಗಳನ್ನು ಸರಿಯಾದ ಸಾಲಿನಲ್ಲಿ ಇಡುವುದು ಮಗಳ ಕೆಲಸ. ಮಗಳು ಇಟ್ಟ ಸಾಲನ್ನು ತಾಯಿ ಕಣ್ಣು ಮುಚ್ಚಿಕೊಂಡು ನಂಬುತ್ತಿದ್ದಳು.

ಈಗ ಶಾಲೆಯ ವಿಷಯ. ಅಲ್ಲಿ ಸಾಹಿತ್ಯದ ಮೇಷ್ಟ್ರು ಬುಧವಾರ ಮಧ್ಯಾಹ್ನ ವಿಚಾರದ ಪಿರಿಯಡ್ಡು ಎಂದು ಹೊಸದೊಂದನ್ನು ಶುರುಮಾಡಿದ್ದರು. ಕಥೆ ಓದುವುದು, ಅದರ ಮೂಲಕ ತತ್ವವನ್ನು ಚರ್ಚಿಸುವುದು. ನ್ಯಾಯ ಎಂದರೇನು, ಬಿಡುಗಡೆ ಎಂದರೇನು, ಮನುಷ್ಯ ಯಾಕೆ ಬದುಕಬೇಕು. ಇದು ಎ ಸೆಕ್ಷನ್ನಿನ ಹದಿನಾಲ್ಕು ಮಂದಿಗೆ ಮಾತ್ರ. ಅದೇ ಹೊತ್ತಿಗೆ ಬಿ ಸೆಕ್ಷನ್ನಿಗೆ ಕೆಲಸದ ಪಿರಿಯಡ್ಡು. ಕೆಲಸದ ಪಿರಿಯಡ್ಡಿನಲ್ಲಿ ಅಂಟುವಿನ ಪಾಲಿನ ಕೆಲಸ ವಿಚಾರದ ಪಿರಿಯಡ್ಡಿಗೆ ಹದಿನಾಲ್ಕು ಕುರ್ಚಿಗಳನ್ನು ದುಂಡಗೆ ಜೋಡಿಸುವುದು, ಆಮೇಲೆ ಹೊರಗೆ ಬಂದು ಕಿಟಕಿಯ ಗಾಜು ಒರೆಸುವುದು.

ಅವಳಿಗೆ ಅಂಕ ಕಡಿಮೆಯೇನೂ ಬಂದಿರಲಿಲ್ಲ. ಎ ಸೆಕ್ಷನ್ನಿಗೆ ಸೇರಿಸುವ ಮೊದಲು ಪೋಷಕರನ್ನು ಕರೆಸಿ ಮಾತಾಡಿಸುತ್ತಿದ್ದರು. ಮೊಣಕೈವರೆಗೆ ಅಂಟು ಒಣಗಿದ ಕೈಯಲ್ಲೇ ತಾಯಿ ಓಡಿಬಂದಿದ್ದಳು.

"ಮನೇಲಿ ಏನೇನು ಓದ್ತೀರಮ್ಮ?" ಎಂದು ಮೇಷ್ಟ್ರು ಕೇಳಿದರು.

"ನಾವು ಓದಲ್ಲ ಸಾರ್, ಹೊಲೀತೀವಿ," ಎಂದಳು ತಾಯಿ.

ಮೇಷ್ಟ್ರು ನಕ್ಕು ಏನನ್ನೋ ಗೀಚಿಕೊಂಡರು. ತಾಯಿಯೂ ನಕ್ಕಳು. ಮಗಳು ನಗಲಿಲ್ಲ. ಅವತ್ತೇ ಅವಳು ಬಿ ಸೆಕ್ಷನ್ನು.

ಗಾಜು ಒರೆಸುತ್ತ ಅವಳು ಒಳಗೆ ನೋಡುತ್ತಿದ್ದದ್ದು ಒಬ್ಬಳನ್ನೇ. ವಕೀಲರ ಮಗಳು. ಅವಳ ಬೂಟಿನ ಮೇಲೆ ಅಂಟುವಿಗೆ ಆಸೆಯಿರಲಿಲ್ಲ, ಜಡೆಯ ಮೇಲೂ ಇರಲಿಲ್ಲ. ಆಸೆಯಿದ್ದದ್ದು ಅವಳ ಒಂದು ಮಾತಿನ ಮೇಲೆ. ವಕೀಲರ ಮಗಳು ಕೈ ಎತ್ತಿ, ಕುರ್ಚಿಗೆ ಒರಗಿ, "ನನಗನ್ನಿಸುತ್ತೆ..." ಎಂದು ಶುರುಮಾಡುತ್ತಿದ್ದಳು. ಹದಿಮೂರು ತಲೆ ಅವಳ ಕಡೆ ತಿರುಗುತ್ತಿದ್ದವು. ಮೇಷ್ಟ್ರು ಕನ್ನಡಕ ತೆಗೆದು ಕೇಳುತ್ತಿದ್ದರು. ಅವಳಿಗೆ ಏನು ಅನ್ನಿಸುತ್ತದೆ ಎಂಬುದು ಒಂದು ಕೋಣೆಗೆ ಕೋಣೆಯೇ ಕಾಯುವಂಥ ವಿಷಯವಾಗಿತ್ತು. ಬಿ ಸೆಕ್ಷನ್ನಿನಲ್ಲಿ ಹತ್ತು ವರ್ಷ ಓದಿದರೂ ಯಾರಿಗೆ ಏನನ್ನಿಸಿತು ಎಂದು ಕೇಳಿದವರಿಲ್ಲ. ಅಂಟುವಿನ ಮೈ ಉರಿಯುತ್ತಿತ್ತು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ ನೋಡಿದಳು. "ಅಮ್ಮ, ನನಗನ್ನಿಸುತ್ತೆ, ಅಂಟು ಸ್ವಲ್ಪ ತೆಳ್ಳಗಾಯ್ತು."

"ನಿಂಗೆ ಅನ್ನಿಸೋದು ಆಮೇಲಿರಲಿ, ಇನ್ನೊಂದು ಹಿಡಿ ಹಿಟ್ಟು ಹಾಕಿ ತಿರುವು. ತಳ ಹಿಡಿಯುತ್ತೆ," ಎಂದಳು ತಾಯಿ.

ಆ ವರ್ಷ ವಿಚಾರದ ಪಿರಿಯಡ್ಡಿಗೆಂದು ಶಿಕ್ಷಣ ಸಮಿತಿಯವರು ಒಂದು ಕಥೆ ಆರಿಸಿದರು. ಮುಂದಿನ ವರ್ಷಗಳಿಗೂ ಸೇರಿ ನಲವತ್ತು ಪ್ರತಿ. ಅದು ನೇರವಾಗಿ ಪ್ರೆಸ್ಸಿಗೆ ಬಂತು. ಮೇಷ್ಟ್ರು ಫೋನಿನಲ್ಲಿ ಒಂದೇ ಒಂದು ಸೂಚನೆ ಕೊಟ್ಟರು: ಪುಟಸಂಖ್ಯೆ ಬೇಡ. ಬದುಕಿಗೆ ಪುಟಸಂಖ್ಯೆ ಇದೆಯೇ ಎಂದು ಪ್ರೆಸ್ಸಿನ ಫೋರ್‌ಮನ್‌ಗೆ ಕೇಳಿದರಂತೆ. ಫೋರ್‌ಮನ್, ನಂಗಂತೂ ಗೊತ್ತಿಲ್ಲ ಸಾರ್, ತೆಗೀರಿ ಅಂದ್ರೆ ತೆಗೀತೀನಿ ಎಂದನಂತೆ. ಮೇಷ್ಟ್ರು ಕಥೆಯನ್ನು ಮೊದಲು ಕಂಡದ್ದು ಅದು ಪುಸ್ತಕವಾಗಿ ಕೈಗೆ ಬಂದ ಮೇಲೆಯೇ.

ಮೊದಲು ಓದಿದವಳು ಅಂಟು. ಹಾಳೆ ಮಡಿಸಿದ ಮೇಲೆ ಅಂಚು ಕತ್ತರಿಸುವವರೆಗೆ ಪುಟಗಳು ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಮಡಿಕೆಯೊಳಗೆ ಉಫ್ ಎಂದು ಊದಿ, ಕತ್ತು ಓರೆ ಮಾಡಿ ಓದಬೇಕು. ಹಾಗೆ ಕತ್ತು ನೋಯುವಷ್ಟು ಓದಿದಳು. ನಾಲ್ಕು ಭಾಗ, ನಾಲ್ಕು ಫಾರಂ; ಭಾಗಕ್ಕೂ ಸಂಖ್ಯೆಯಿಲ್ಲ, ಪ್ರೆಸ್ಸಿನಿಂದ ಬಂದ ಕ್ರಮವೇ ಗುರುತು. ದಣಿಯ ಮನೆಯ ಜಗುಲಿಯಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು, ಒಳಗೆ ತೂಗುವ ದೊಡ್ಡ ಬಟ್ಟೆಯ ಬೀಸಣಿಗೆಯನ್ನು ಎಳೆಯುವ ಆಳಿನ ಕಥೆ. ಮೊದಲ ಭಾಗದಲ್ಲಿ ಅವನು ಹುಡುಗನಾಗಿ ಕೆಲಸಕ್ಕೆ ಸೇರುತ್ತಾನೆ. ಎರಡನೆಯದರಲ್ಲಿ ತೂಕಡಿಸಿದ್ದಕ್ಕೆ ಏಟು ತಿನ್ನುತ್ತಾನೆ. ಮೂರನೆಯದರಲ್ಲಿ ಮತ್ತೆ ಹಗ್ಗ ಕಟ್ಟಿಕೊಂಡು ವರ್ಷಗಟ್ಟಲೆ ಬಾಯಿಮುಚ್ಚಿ ಎಳೆಯುತ್ತಾನೆ, ಕಾಲು ಊದುತ್ತದೆ, ಮೊದಲ ನರೆಗೂದಲು ಬರುತ್ತದೆ. ನಾಲ್ಕನೆಯದರಲ್ಲಿ ಒಂದು ಮಧ್ಯಾಹ್ನ ಹಗ್ಗ ಬಿಚ್ಚಿ, ಹೊಸ್ತಿಲ ಮೇಲಿಟ್ಟು, ಎದ್ದು ಹೋಗುತ್ತಾನೆ. ಒಳಗೆ ಗಾಳಿ ನಿಲ್ಲುತ್ತದೆ. ಒಳಗಿದ್ದವರು ಮೊದಲ ಸಲ ತಲೆಯೆತ್ತಿ ನೋಡುತ್ತಾರೆ.

ಅವಳು ಆ ನಾಲ್ಕನೆಯ ಫಾರಂ ಅನ್ನು ಎರಡು ಸಲ ಓದಿದಳು. ರಾಶಿಯನ್ನೇ ತನ್ನ ಕಡೆ ಎಳೆದುಕೊಂಡು, ಮತ್ತೂ ಒಂದು ಸಲ ಓದಿದಳು. "ಏನೇ ಮಾಡ್ತಿದ್ದೀಯ, ಕೈ ಆಡಿಸೇ," ಎಂದು ತಾಯಿ ಗದರಿದಾಗ ರಾಶಿಯನ್ನು ಹಲಗೆಯ ಮೇಲೆ ತಳ್ಳಿ, ದಾರಕ್ಕೆ ಮೇಣ ಸವರಲು ಕೂತಳು.

ಪುಸ್ತಕ ಶಾಲೆಗೆ ಬಂದ ಬುಧವಾರದಿಂದ ಕಿಟಕಿಯಾಚೆ ನಿಂತವಳಿಗೆ ಒಳಗಿನ ಚರ್ಚೆ ಅರ್ಥವಾಗದಾಯಿತು. ಆಳು ವಾಪಸ್ ಬಂದ, ಆಳು ತಾನಾಗಿ ಬಂದ ಎನ್ನುತ್ತಿದ್ದರು. ಗಾಜಿನ ಆಚೆಯ ಮಾತು ಅರ್ಧಂಬರ್ಧ ಕೇಳಿಸುವುದು. ದೊಡ್ಡವರ ಮಾತು ಹೀಗೇ ಇರುತ್ತದೇನೋ ಎಂದುಕೊಂಡಳು. ವಕೀಲರ ಮಗಳು ಒಂದು ಪ್ರಬಂಧ ಬರೆದಳು. ಅದಕ್ಕೆ ಬಹುಮಾನ ಬಂತು. ವಾರ್ಷಿಕೋತ್ಸವದಲ್ಲಿ ಸಮಿತಿಯವರ ಮುಂದೆ ಅದನ್ನು ಓದುವುದೆಂದು ಆಯಿತು.

ಆಗಲೇ ಮೇಷ್ಟ್ರಿಗೆ ದೊಡ್ಡ ಮನಸ್ಸು ಬಂತು. ಬಿ ಸೆಕ್ಷನ್ನಿನವರೂ ಆ ಕಥೆಯ ಬಗ್ಗೆ ಬರೆಯಬಹುದು, ಚೆನ್ನಾಗಿ ಬರೆದ ಒಬ್ಬರಿಗೆ ಹದಿನೈದನೆಯ ಕುರ್ಚಿ ಎಂದು ಹೇಳಿದರು. ಪುಸ್ತಕ ಮಾತ್ರ ಬಿ ಸೆಕ್ಷನ್ನಿಗೆ ಕೊಟ್ಟಿರಲಿಲ್ಲ. ಕೇಳಿದರೆ, ಗ್ರಂಥಾಲಯದಲ್ಲಿ ಒಂದು ಇದೆ ಎಂದರು. ಗ್ರಂಥಾಲಯದ ಬೀಗದಕೈ ಅವರ ಹತ್ತಿರವೇ ಇತ್ತು.

ಅಂಟುವಿಗೆ ಪುಸ್ತಕ ಬೇಕಿರಲಿಲ್ಲ. ಕಥೆ ಬಾಯಿಪಾಠವಾಗಿತ್ತು. ಎರಡು ಪುಟ ಬರೆದಳು. ಅವನು ಸತ್ಯ ಹುಡುಕಿಕೊಂಡು ಹೋಗಲಿಲ್ಲ, ಅವನ ಕಾಲು ಊದಿತ್ತು ಎಂದು ಬರೆದಳು. ಎದ್ದು ಹೋದವನು ತಿರುಗಿ ನೋಡಲಿಲ್ಲ, ಅಷ್ಟೇ ಅವನ ತತ್ವ ಎಂದು ಬರೆದಳು.

ಮುಂದಿನ ಬುಧವಾರ ಮೇಷ್ಟ್ರು ಅವಳನ್ನು ಒಳಗೆ ಕರೆದರು. ಬಾಗಿಲ ಹತ್ತಿರ ನಿಲ್ಲಿಸಿದರು. ಕೈಯಲ್ಲಿ ಗಾಜು ಒರೆಸುವ ಒದ್ದೆ ಬಟ್ಟೆ ಹಾಗೇ ಇತ್ತು. ಅವಳ ಎರಡು ಪುಟಗಳನ್ನು ದುಂಡಗೆ ಕೂತವರಿಗೆ ಗಟ್ಟಿಯಾಗಿ ಓದಿ ಹೇಳಿದರು.

"ನೋಡಿ ಮಕ್ಕಳೇ, ಕೊನೇತನಕ ಓದೋ ತಾಳ್ಮೆ ಇಲ್ಲದಿದ್ರೆ ಹೀಗಾಗುತ್ತೆ. ಯಾರ ಹತ್ರಾನೋ ಅರ್ಧ ಕಥೆ ಕೇಳಿಕೊಂಡು ಬಂದು ಬರೆದಿದ್ದಾಳೆ."

"ನಾನೇ ಓದಿದ್ದು ಸಾರ್."

"ಸುಳ್ಳು ಬೇರೆ."

ನಗು ಎದ್ದಿತು. ಒಬ್ಬ ಹುಡುಗ ಮೂಗು ಹಿಡಿದುಕೊಂಡು ನಕ್ಕ. ಒದ್ದೆ ಬಟ್ಟೆಯಿಂದ ನೀರು ಅವಳ ಪಾದದ ಮೇಲೆ ಬೀಳುತ್ತಿತ್ತು. ಅವಳು ಯಾರನ್ನೂ ನೋಡಲಿಲ್ಲ, ವಕೀಲರ ಮಗಳನ್ನು ಮಾತ್ರ ನೋಡಿದಳು. ಅವಳು ನಗುತ್ತಿರಲಿಲ್ಲ. ಅದಕ್ಕೇ ಇನ್ನೂ ಉರಿಯಿತು.

ಗಂಟೆ ಬಾರಿಸಿದ ಮೇಲೆ ವಕೀಲರ ಮಗಳು ನಲ್ಲಿಯ ಹತ್ತಿರ ಹುಡುಕಿಕೊಂಡು ಬಂದಳು. ತನ್ನ ಪ್ರತಿಯನ್ನು ಮುಂದೆ ಚಾಚಿದಳು.

"ಇದು ತಗೋ. ಕೊನೇ ಭಾಗ ಓದು. ನೀನು ಬರೆದಿರೋ ರೀತಿ ಚೆನ್ನಾಗಿತ್ತು, ನಿಜವಾಗ್ಲೂ."

ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಹೊಟ್ಟೆಕಿಚ್ಚಿಗೂ ಒಂದು ನೆಮ್ಮದಿ ಬೇಕು. ಒಳ್ಳೆಯತನವೂ ಅವಳ ಮನೆಯಲ್ಲೇ ಬಿದ್ದಿರಬೇಕೇ ಎಂದು ಅಂಟು ಹಲ್ಲು ಕಚ್ಚಿದಳು. ಪುಸ್ತಕ ಇಸಿದುಕೊಂಡಳು, ಥ್ಯಾಂಕ್ಸ್ ಎನ್ನಲಿಲ್ಲ.

ಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ತೆರೆದಳು. ಒಂದು. ಎರಡು. ಆಮೇಲೆ ಆಳು ಎದ್ದು ಹೋದ. ಪುಟ ಮಗುಚಿದಳು. "ಅವನು ಮತ್ತೆ ಹಗ್ಗವನ್ನು ಹೆಬ್ಬೆರಳಿಗೆ ಕಟ್ಟಿಕೊಂಡ," ಎಂದಿತ್ತು. ಮೂರನೆಯ ಫಾರಂ ನಾಲ್ಕನೆಯದರ ಹಿಂದೆ ಕೂತಿತ್ತು. ಕೊನೆಯ ಸಾಲು: "ಒಳಗೆ ಗಾಳಿ ಬೀಸುತ್ತಲೇ ಇತ್ತು."

ಬೆನ್ನಿನ ಹೊಲಿಗೆ ತಾಯಿಯದು. ಸಾಲು ತಪ್ಪಿಸಿದ ಕೈ ತನ್ನದು. ಮೂರು ಸಲ ಓದಿದ ಪ್ರೀತಿಗೆ ರಾಶಿಯನ್ನು ಎಲ್ಲಿಂದ ಎತ್ತಿದೆನೋ ಅಲ್ಲಿ ಇಡದೆ ಹೋದೆ ಎಂದು ಅವಳಿಗೆ ನೆನಪಾಯಿತು. ನಲವತ್ತೂ ಪ್ರತಿ ಹಾಗೇ.

ಮೊದಲು ಬಂದದ್ದು ಖುಷಿ. ಮುಚ್ಚಿಡುವುದೇನು, ಕುಣಿಯುವಷ್ಟು ಖುಷಿ. ವಕೀಲರ ಮಗಳಿಗೆ ಬಹುಮಾನ ಬಂದದ್ದು ತನ್ನ ಕೈತಪ್ಪಿಗೆ! ಆ "ನನಗನ್ನಿಸುತ್ತೆ" ಎಲ್ಲ ಹುಸಿ! ಕನ್ನಡಕ ತೆಗೆದು ಕೇಳಿದ್ದೆಲ್ಲ ಹುಸಿ! ಖುಷಿ ಇಳಿದ ಮೇಲೆ ಹೆದರಿಕೆ ಹತ್ತಿತು. ಫಾರಂ ತಪ್ಪಿದ ಪುಸ್ತಕ ಕೊಟ್ಟ ಬೈಂಡರಿಗೆ ಪ್ರೆಸ್ಸು ಇನ್ನೊಂದು ಕೆಲಸ ಕೊಡುವುದಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಒಬ್ಬರೇ ಇದ್ದಾಗ ಹೋಗಿ ಹೇಳಿದಳು. ಹೆದರಿಕೆಗಿಂತ ಹೊಟ್ಟೆಕಿಚ್ಚು ದೊಡ್ಡದಿತ್ತು. ಮೇಷ್ಟ್ರು ಮೊದಲು ನಕ್ಕರು.

"ಸಾರ್, ಎದ್ದು ಹೋಗುವಾಗ ಅವನ ತಲೆ ಅರ್ಧ ಬೆಳ್ಳಗಿದೆ. ಆಮೇಲಿನ ಭಾಗದಲ್ಲಿ ಮೊದಲ ನರೆಗೂದಲು ಬರುತ್ತೆ. ಹೇಗೆ ಸಾರ್?"

"ಅದು ಲೇಖಕರ ತಂತ್ರ. ಕಾಲ ಅನ್ನೋದು ಮನಸ್ಸಿನ ಸ್ಥಿತಿ. ಇದನ್ನ ನಾವು ಎರಡು ಪಿರಿಯಡ್ಡು ಚರ್ಚೆ ಮಾಡಿದ್ವಿ..." ಎನ್ನುತ್ತ ಪುಟ ಮಗುಚಿದ ಮೇಷ್ಟ್ರು ನಡುವೆಯೇ ನಿಂತರು. ಹಿಂದಕ್ಕೆ ಮಗುಚಿದರು. ಮತ್ತೆ ಮುಂದಕ್ಕೆ. ಎದ್ದು ಬಾಗಿಲು ಮುಚ್ಚಿ ಬಂದರು.

"ನೋಡಮ್ಮಾ," ಎಂದರು. ಅಲ್ಲಿಯವರೆಗೆ ಅವಳಿಗೆ ಯಾವ ಮೇಷ್ಟ್ರೂ ಅಮ್ಮಾ ಎಂದಿರಲಿಲ್ಲ. "ಅರ್ಥ ಅನ್ನೋದು ಓದೋರ ಕೈಲಿರುತ್ತೆ. ಈ ಸಾಲಲ್ಲಿ ಓದಿದ್ರೆ ಕಥೆ ಇನ್ನೂ ಆಳವಾಗಿದೆ. ಪ್ರಬಂಧ ಅಚ್ಚಿಗೂ ಹೋಗಿದೆ. ಇನ್ನು ಹತ್ತು ದಿನಕ್ಕೆ ಸಮಿತಿಯವರು ಬರ್ತಾರೆ. ತಪ್ಪು ಯಾರದು ಹೇಳು? ನಿಮ್ಮದೇ ತಾನೆ? ಪ್ರೆಸ್ಸಿಗೆ ಗೊತ್ತಾದ್ರೆ ನಿಮ್ಮಮ್ಮನ ಗತಿ ಏನು?"

ಅವಳು ಮುಚ್ಚಿದ ಬಾಗಿಲನ್ನು ನೋಡಿದಳು.

"ಹದಿನೈದನೇ ಕುರ್ಚಿ ನಿನಗೇ. ಇದು ನಮ್ಮಿಬ್ಬರಲ್ಲೇ ಇರಲಿ."

ಅವಳು ಥೂ ಎಂದು ಎದ್ದು ಬಂದಳು ಎಂದು ಬರೆಯಬಹುದಿತ್ತು. ಬರಲಿಲ್ಲ. ಹೂಂ ಎಂದಳು. ಎರಡು ವರ್ಷ ಗಾಜಿನಾಚೆಯಿಂದ ನೋಡಿದ ಕುರ್ಚಿ ಅದು.

ಮನೆಯಲ್ಲಿ ಮಾತ್ರ ಬಾಯಿ ತಡೆಯಲಾಗಲಿಲ್ಲ. ತಾಯಿ ಕೇಳಿ ದಬ್ಬಳ ಕೆಳಗಿಟ್ಟಳು.

"ನನ್ನ ಕೈಯಿಂದ ತಪ್ಪು ಫಾರಂ ಹೋಯ್ತಾ? ಇಪ್ಪತ್ತು ವರ್ಷದಲ್ಲಿ ಒಂದೂ ಹೋಗಿಲ್ಲ ಕಣೇ. ನಲವತ್ತೂ ತಂದುಬಿಡು. ಬಿಚ್ಚಿ ಹೊಲೀತೀನಿ. ಎರಡು ದಿನದ ಕೆಲಸ, ಅದಕ್ಕೇನಂತೆ."

"ಬೇಡ ಅಂದ್ರು ಮೇಷ್ಟ್ರು. ಹಾಗೇ ಇರ್ಲಿ ಅಂದ್ರು."

"ತಪ್ಪಿರೋದನ್ನ ಹಾಗೇ ಇರ್ಲಿ ಅಂತಾರಾ? ಓದಿದೋರು?"

ತಾಯಿ ಅವತ್ತು ಸಂಜೆಯವರೆಗೆ ಹೊಲಿದ ಒಂದೊಂದು ಪುಸ್ತಕವನ್ನೂ ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದಳು. ಓದಲು ಬಾರದವಳು ಏನು ನೋಡಿಯಾಳು? ಆದರೂ ನೋಡುತ್ತಿದ್ದಳು.

ಬುಧವಾರ ಅವಳು ಹದಿನೈದು ಕುರ್ಚಿ ಜೋಡಿಸಿದಳು. ಹದಿನೈದನೆಯದರಲ್ಲಿ ತಾನೇ ಕೂತಳು. ಕುರ್ಚಿಯ ಬೆನ್ನು ತಣ್ಣಗಿತ್ತು. ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು. ಪಕ್ಕದ ಹುಡುಗ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡ. ಸರಿಸಿಕೊಳ್ಳಲಿ, ತಾನು ಒಳಗಿದ್ದೇನೆ ಎಂದುಕೊಂಡಳು.

ಸಮಿತಿಯವರ ಮುಂದೆ ಓದುವುದಕ್ಕೆ ಅಭ್ಯಾಸವಾಗಲಿ ಎಂದು ವಕೀಲರ ಮಗಳು ಪ್ರಬಂಧ ಓದಿದಳು. ಹಗ್ಗ ಅವನ ಕಾಲಿಗಿತ್ತು, ಮನಸ್ಸಿಗಲ್ಲ. ಹೊರಗಿನ ಬಿಡುಗಡೆ ಬರಿದೆಂದು ತಿಳಿದು ಅವನು ತಾನಾಗಿ ಮರಳಿದ. ದುಡಿಮೆಯನ್ನು ಒಪ್ಪಿಕೊಂಡವನಿಗೆ ದುಡಿಮೆಯೇ ಬಿಡುಗಡೆ. ಓದು ಚೆನ್ನಾಗಿತ್ತು. ಸ್ವರ ಎಲ್ಲಿ ಏರಬೇಕೋ ಅಲ್ಲಿ ಏರಿತು. ಅಂಟುವಿಗೆ ಆಗಲೂ ಆ ಸ್ವರದ ಮೇಲೆ ಹೊಟ್ಟೆಕಿಚ್ಚಾಯಿತು.

"ನಮ್ಮ ಬದುಕಿನಿಂದಲೇ ಒಂದು ಉದಾಹರಣೆ ಕೊಡಿ ನೋಡೋಣ," ಎಂದರು ಮೇಷ್ಟ್ರು.

ಮೂಗು ಹಿಡಿದುಕೊಂಡಿದ್ದ ಹುಡುಗ ಕೈ ಎತ್ತಿದ. "ನನಗನ್ನಿಸುತ್ತೆ ಸಾರ್, ಇವಳ ಅಮ್ಮ ಥರ. ಪುಸ್ತಕದ ಕಟ್ಟು ಹೊತ್ಕೊಂಡು ಬರ್ತಾರಲ್ಲ, ಕೈಯೆಲ್ಲ ಬಿರಿದಿರುತ್ತೆ, ಆದ್ರೂ ನಗ್ತಾನೇ ಇರ್ತಾರೆ. ಅವರಿಗೆ ಅದರಲ್ಲೇ ಸುಖ."

"ಚೆನ್ನಾಗಿ ಹೇಳಿದೆ," ಎಂದರು ಮೇಷ್ಟ್ರು. ಆಮೇಲೆ ಅಂಟುವಿನ ಕಡೆ ತಿರುಗಿ, ಮೆಲ್ಲಗೆ, ಎಚ್ಚರಿಸುವ ಹಾಗೆ, "ಹೌದು ತಾನೇ?" ಎಂದರು.

ಹದಿನಾಲ್ಕು ತಲೆ ಅವಳ ಕಡೆ ತಿರುಗಿದವು. ಅವಳಿಗೆ ಏನನ್ನಿಸುತ್ತದೆ ಎಂದು ಕೋಣೆ ಕಾಯುತ್ತಿತ್ತು.

ಅವಳು ಕೈಗಳನ್ನು ತೊಡೆಯ ಕೆಳಗಿನಿಂದ ತೆಗೆದಳು. ಮಡಿಲಲ್ಲಿದ್ದ, ವಕೀಲರ ಮಗಳು ಕೊಟ್ಟ ಪುಸ್ತಕದ ರಟ್ಟನ್ನು ಹಿಂದಕ್ಕೆ ಬಗ್ಗಿಸಿ ಕಿತ್ತಳು. ಅಂಟು ಚರಚರ ಎಂದು ಬಿಟ್ಟಿತು. ಬೆನ್ನಿನ ದಾರಕ್ಕೆ ಹಲ್ಲು ಹಾಕಿ ಕಡಿದಳು.

"ಏನು ಮಾಡ್ತಿದ್ದೀಯ!" ಮೇಷ್ಟ್ರು ಎದ್ದರು.

"ಬಿಚ್ತಿದ್ದೀನಿ ಸಾರ್. ಹೊಲಿದೋರು ನಾವೇ."

ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು, ನಾಲ್ಕು ಫಾರಂಗಳನ್ನು ವೃತ್ತದ ನಡುವೆ ಸಾಲಾಗಿ ಇಟ್ಟಳು. ಕೊನೆಯ ಎರಡನ್ನು ಅದಲು ಬದಲು ಮಾಡಿದಳು. "ರಾಶಿ ಇಟ್ಟಿದ್ದು ನಾನು. ತಪ್ಪು ನಂದು. ಮೂರನೇದು ನಾಲ್ಕನೇದರ ಹಿಂದೆ ಹೋಗಿದೆ. ಮೇಷ್ಟ್ರಿಗೆ ಹೋದ ವಾರಾನೇ ಹೇಳಿದೀನಿ. ಬಾಯಿ ಮುಚ್ಕೊಂಡಿರು ಅಂತ ಈ ಕುರ್ಚಿ ಕೊಟ್ರು. ನಾನೂ ತಗೊಂಡೆ. ಅದೂ ನನ್ನ ತಪ್ಪೇ."

ಆಮೇಲೆ ಕೈ ಎತ್ತಿದ್ದ ಹುಡುಗನ ಕಡೆ ತಿರುಗಿದಳು.

"ನಮ್ಮಮ್ಮ ನಗೋದು ನಿಮ್ಮ ಮುಂದೆ ಮಾತ್ರ," ಎಂದಳು ಆ ಹುಡುಗನಿಗೆ. "ನಗದೇ ಇದ್ರೆ ಕೆಲಸ ಕೊಡಲ್ಲ ನೀವು. ಮನೇಲಿ ಆ ಕೈಗೆ ಬಿಸಿನೀರು ಹಾಕೋವಾಗ ಹೇಗೆ ಕಿರುಚ್ತಾಳೆ ಬಂದು ಕೇಳು. ಆಮೇಲೆ ನಿಂಗೆ ಏನನ್ನಿಸುತ್ತೋ ಹೇಳು."

ನಾಲ್ಕನೆಯ ಫಾರಂ ಎತ್ತಿಕೊಂಡು ಓದತೊಡಗಿದಳು. ಮೇಷ್ಟ್ರು ಸಾಕು ಎಂದರು. ಓದಿದಳು. ಸಾಕು ಎಂದೆ ಎಂದರು. ದನಿ ಏರಿಸಿ ಓದಿದಳು. ಅವಳ ಸ್ವರ ಏರಬೇಕಾದಲ್ಲಿ ಏರಲಿಲ್ಲ, ಒಂದೇ ಸಮ ಒರಟಾಗಿ ಹೋಯಿತು. ಆಳು ಹಗ್ಗ ಬಿಚ್ಚಿದ. ಹೊಸ್ತಿಲ ಮೇಲಿಟ್ಟ. ಎದ್ದು ಹೋದ. ಗಾಳಿ ನಿಂತಿತು. ಕಥೆ ಮುಗಿಯಿತು.

"ವಾಪಸ್ ಬರಲೇ ಇಲ್ವಾ?" ಎಂದಳು ವಕೀಲರ ಮಗಳು.

"ಇಲ್ಲ."

ವಕೀಲರ ಮಗಳು ಕೈಯಲ್ಲಿದ್ದ ಪ್ರಬಂಧವನ್ನು ಒಮ್ಮೆ ನೋಡಿದಳು. ಆಮೇಲೆ ನೆಲದ ಮೇಲೆ ಕೂತಿದ್ದ ಅಂಟುವನ್ನು, ಅವಳ ಬಿರಿದ ಹೆಬ್ಬೆರಳನ್ನು, ಅದರಡಿಯ ಫಾರಂ ಅನ್ನು ನೋಡಿದಳು. ಆ ಕಣ್ಣಲ್ಲಿದ್ದದ್ದು ಏನೆಂದು ಅಂಟುವಿಗೆ ಕೂಡಲೇ ಗುರುತು ಸಿಕ್ಕಿತು. ಅದು ಕನಿಕರವಲ್ಲ, ಸಿಟ್ಟಲ್ಲ. ಕಥೆಯನ್ನು ತನಗಿಂತ ಮೊದಲೇ, ಸರಿಯಾಗಿ, ಇನ್ನೊಬ್ಬಳು ಓದಿದ್ದಾಳಲ್ಲ ಎಂಬ ಉರಿ. ಅಪ್ಪಟ ಹೊಟ್ಟೆಕಿಚ್ಚು.

"ಹೊರಗೆ ಹೋಗು!" ಮೇಷ್ಟ್ರು ಬಾಗಿಲತ್ತ ಕೈ ಮಾಡಿದರು. "ಈಗಲೇ ಎದ್ದು ಹೊರಗೆ ಹೋಗು. ನಿಮ್ಮಮ್ಮನ್ನ ಕರೆಸ್ತೀನಿ. ಪ್ರೆಸ್ಸಿಗೂ ಹೇಳ್ತೀನಿ."

"ಹೇಳಿ ಸಾರ್. ನಲವತ್ತೂ ಕೊಡಿ ಅಂತ ಅಮ್ಮ ಆವತ್ತೇ ಹೇಳಿದ್ಲು, ಬಿಚ್ಚಿ ಹೊಲಿದು ಕೊಡ್ತಾಳೆ." ಅವಳು ನೆಲದಿಂದ ಎದ್ದಳು. ಬಾಗಿಲ ಕಡೆ ನಡೆಯಲಿಲ್ಲ. ಪಕ್ಕದ ಹುಡುಗ ಸರಿಸಿಕೊಂಡಿದ್ದ ಜಾಗವನ್ನೂ ಸೇರಿಸಿ ತನ್ನ ಕುರ್ಚಿಯನ್ನು ಸರಿಯಾಗಿ ಹಾಕಿಕೊಂಡು, ಬೆನ್ನು ಒರಗಿಸಿ ಕೂತಳು.

"ನಾನು ಹೋಗಲ್ಲ ಸಾರ್. ಅವನು ಹೊರಗೆ ಕೂತು ಒಳಗಿನವರಿಗೆ ಗಾಳಿ ಎಳೆದು ಸಾಕಾಗಿ ಎದ್ದು ಹೋದ. ನಾನು ಇನ್ನೂ ಈಗ ಒಳಗೆ ಬಂದಿದೀನಿ. ಪಾಠ ಶುರು ಮಾಡಿ."